ಸೊಂಟ, ತೊಡೆಸಂದಿನ ಹುಳುಕಡ್ಡಿ: ಟ್ಯೂಬ್ ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ಮನೆಯವರಿಗೆ ಏನಂತ ಹೇಳೋದು?

ಪ್ರಶ್ನೆ | ಆಶಾ ಕಾರ್ಯಕರ್ತೆ, ಮಂಡ್ಯ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ವಿ.ಸಿ. ನಾಲೆ ಬಯಲಿನ ಊರುಗಳು. ಮುಂಗಾರು ನಾಟಿ ಶುರುವಾಯಿತು ಅಂದರೆ ಮನೆಮನೆಯಲ್ಲೂ ಹುಳುಕಡ್ಡಿ. ಗಂಡಸರಿಗೆ ತೊಡೆಸಂದು, ಉಡುದಾರದ ಜಾಗ. ಹೆಂಗಸರಿಗೆ ಲಂಗದ ಲಾಡಿ ಕಟ್ಟೋ ಕಡೆ, ಎದೆಯ ಕೆಳಗೆ. ಮಕ್ಕಳಿಗೆ ಕೆನ್ನೆ, ಕತ್ತು. ಎಲ್ಲರ ಮನೆ ಗೂಡಿನಲ್ಲೂ ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದ ಟ್ಯೂಬ್ ಒಂದು ಇದ್ದೇ ಇರುತ್ತೆ. ಹಚ್ಚಿದ ಎರಡು ದಿನಕ್ಕೆ ನವೆ ನಿಲ್ಲುತ್ತೆ, ವಾರಕ್ಕೆ ಕೆಂಪು ಇಳಿಯುತ್ತೆ. ಬಿಟ್ಟ ಮೇಲೆ ಮೊದಲಿಗಿಂತ ಅಗಲವಾಗಿ ಬರುತ್ತೆ. ಈಗೀಗ ಉಂಗುರದೊಳಗೆ ಇನ್ನೊಂದು ಉಂಗುರ ಬಿದ್ದ ಕಲೆಗಳೂ ಕಾಣುತ್ತಿವೆ. ಕೆಲವರು ವಾರಕ್ಕೊಂದು ಮಾತ್ರೆ ಅಂತ ನುಂಗುತ್ತಿದ್ದಾರೆ, ಅದರಿಂದಲೂ ಪೂರ್ತಿ ಹೋಗಿಲ್ಲ.

ಡಾಕ್ಟರ ಹತ್ತಿರ ಹೋಗಿ ಅಂತ ಹೇಳೋದು ಸುಲಭ. ಆದರೆ ಹೋಗಿ ಬಂದ ಮೇಲೆ ಮನೆಯಲ್ಲಿ ಏನೇನು ತಪ್ಪುತ್ತಿದೆ ಅಂತ ನಾನು ಹಿಡಿದು ಹೇಳುವಂತಿರಬೇಕು. ಮುಲಾಮು ಎಷ್ಟು ಹಚ್ಚಬೇಕು, ಎಷ್ಟು ದಿನ? ಮಾತ್ರೆ ಯಾರಿಗೆ ಬೇಕು? ಬಟ್ಟೆ ಹೇಗೆ ಒಗೆಯಬೇಕು? ತಿಳಿದವರು ಸ್ವಲ್ಪ ಬಿಡಿಸಿ ಬರೆಯಿರಿ.

ಉತ್ತರ 1 | ಚರ್ಮವೈದ್ಯೆ, ಮೈಸೂರು

ಆಶಾ ಮೇಡಂ, ನೀವು ಹೇಳಿದ ಉಂಗುರದೊಳಗಿನ ಉಂಗುರವೇ ಅರ್ಧ ಉತ್ತರ ಕೊಡುತ್ತಿದೆ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆ.

ಹುಳುಕಡ್ಡಿಗೆ ಹುಳ ಕಾರಣ ಅಲ್ಲ, ಶಿಲೀಂಧ್ರ ಕಾರಣ. ಅದು ಚರ್ಮದ ಮೇಲ್ಪದರದ ಕೆರಾಟಿನ್ ಅನ್ನೋ ಪ್ರೋಟೀನ್ ತಿಂದು ಬದುಕುತ್ತೆ. ಕೆಂಪು, ನವೆ, ಹೊಟ್ಟು ಇವೆಲ್ಲ ಅದನ್ನು ಹೊರಗೆ ತಳ್ಳಲು ನಮ್ಮ ಮೈ ಮಾಡುವ ಹೋರಾಟದ ಗುರುತು. ಕ್ಲೊಬೆಟಾಸೋಲ್‌ನಂಥ ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತೆ. ನವೆ ನಿಂತಾಗ ರೋಗ ಹೋಯಿತು ಅನ್ನಿಸುತ್ತೆ, ಒಳಗೆ ಶಿಲೀಂಧ್ರ ಮಾತ್ರ ತಡೆಯಿಲ್ಲದೆ ಹರಡುತ್ತಿರುತ್ತೆ. ಹಚ್ಚಿ ಬಿಟ್ಟು, ಹಚ್ಚಿ ಬಿಟ್ಟು ಮಾಡಿದಾಗ ಒಂದೊಂದು ಸಲಕ್ಕೆ ಒಂದೊಂದು ಅಂಚು ಏಳುತ್ತೆ, ಅದೇ ಜೋಡಿ ಉಂಗುರ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳ್ಳಗಾಗಿ, ಬಸಿರಿಯರ ಹೊಟ್ಟೆ ಮೇಲೆ ಬರುವಂಥ ಬಿರುಕು ಗೆರೆ ಬೀಳುತ್ತೆ. ಆ ಗೆರೆ ಮತ್ತೆ ಪೂರ್ತಿ ಹೋಗಲ್ಲ. ಹದಿನೆಂಟು ಇಪ್ಪತ್ತರ ಹುಡುಗರಲ್ಲಿ ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತೆ.

ಆ ಟ್ಯೂಬ್ ನಿಲ್ಲಿಸಿದ ಮೊದಲ ದಿನಗಳಲ್ಲಿ ಕೆಂಪು, ಉರಿ, ನವೆ ಮೂರೂ ಜೋರಾಗುತ್ತವೆ. ಇದನ್ನು ಮುಂಚೆಯೇ ಹೇಳಿಡಿ. ಹೇಳದಿದ್ದರೆ "ಹೊಸ ಔಷಧಿ ಒಗ್ಗಲಿಲ್ಲ" ಅಂತ ಹಳೇ ಟ್ಯೂಬಿಗೇ ವಾಪಸ್ ಹೋಗುತ್ತಾರೆ. ಆ ದಿನಗಳಲ್ಲಿ ನವೆ ತಗ್ಗಲು ರಾತ್ರಿ ಒಂದು ಸೆಟಿರಿಜಿನ್ 10 ಮಿಲಿಗ್ರಾಂ ಅಥವಾ ಲಿವೊಸೆಟಿರಿಜಿನ್ 5 ಮಿಲಿಗ್ರಾಂ ದೊಡ್ಡವರಿಗೆ ಸಾಕು. ನಿದ್ದೆ ಬರಿಸುತ್ತೆ, ನುಂಗಿ ಗಾಡಿ ಓಡಿಸಬಾರದು.

ಈಗ ಮುಲಾಮು. ಒಂದೇ ಔಷಧಿ ಇರೋದು ಬೇಕು: ಲುಲಿಕೊನಜೋಲ್ 1% ದಿನಕ್ಕೆ ಒಂದು ಸಲ, ಇಲ್ಲವೇ ಕ್ಲೋಟ್ರಿಮಜೋಲ್ 1% ದಿನಕ್ಕೆ ಎರಡು ಸಲ. ಎಷ್ಟು ಅನ್ನೋದನ್ನು ಬೆರಳಲ್ಲೇ ಅಳೆಯಬಹುದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲನೇ ಗೆರೆವರೆಗೆ ಟ್ಯೂಬಿನಿಂದ ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ಬೆರಳೂ ಸೇರಿದ ಎರಡು ಅಂಗೈ ಅಗಲಕ್ಕೆ ಸಾಕಾಗುತ್ತೆ. ಎರಡೂ ತೊಡೆಸಂದು, ಸೊಂಟದ ಪಟ್ಟಿ ಸೇರಿ ಎಂಟು ಅಂಗೈ ಜಾಗ ಇದ್ದರೆ ಒಂದು ಸಲಕ್ಕೆ 2 ಗ್ರಾಂ ಆಯಿತು. ದಿನಕ್ಕೆ ಒಂದೇ ಸಲ ಹಚ್ಚುವುದಾದರೂ 10 ಗ್ರಾಂ ಟ್ಯೂಬ್ ಐದೇ ದಿನಕ್ಕೆ ಖಾಲಿಯಾಗಬೇಕು, ನಾಲ್ಕು ವಾರಕ್ಕೆ 56 ಗ್ರಾಂ ಬೇಕು. ಎರಡು ಸಲವಾದರೆ ಅದರ ಎರಡರಷ್ಟು. ಒಂದು ಚಿಕ್ಕ ಟ್ಯೂಬನ್ನು ತಿಂಗಳು ಬರಿಸಿದವರಿಗೆ ವಾಸಿಯಾಗದಿದ್ದರೆ ಅದು ಔಷಧಿಯ ತಪ್ಪಲ್ಲ. ಮನೆಗೆ ಹೋದಾಗ ಟ್ಯೂಬ್ ಕೈಗೆ ತಗೊಂಡು ನೋಡಿ, ಎಷ್ಟು ಖರ್ಚಾಗಿದೆ ಅನ್ನೋದೇ ಗೊತ್ತುಮಾಡಿಕೊಡುತ್ತೆ.

ಶಿಲೀಂಧ್ರ ಚುರುಕಾಗಿರೋದು ಅಂಚಿನಲ್ಲಿ, ನಡುವಲ್ಲಲ್ಲ. ಆದ್ದರಿಂದ ಅಂಚಿನ ಆಚೆ ಎರಡು ಸೆಂಟಿಮೀಟರ್, ಅಂದರೆ ಒಂದೂವರೆ ಬೆರಳಗಲದಷ್ಟು ಚೆನ್ನಾಗಿರೋ ಚರ್ಮಕ್ಕೂ ಹಚ್ಚಬೇಕು. ಹೊರಗಿನಿಂದ ಒಳಕ್ಕೆ ಸವರಬೇಕು. ಸ್ನಾನ ಆದ ಮೇಲೆ ಸಂದು ಪೂರ್ತಿ ಒಣಗಿರಲಿ.

ಎಷ್ಟು ದಿನ? ನವೆ, ಹೊಟ್ಟು, ಉಬ್ಬಿದ ಅಂಚು ಮೂರೂ ಹೋದ ಮೇಲೆ ಇನ್ನೂ ಎರಡು ವಾರ. ಈಗಿನ ಹುಳುಕಡ್ಡಿಗೆ ಒಟ್ಟು ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಕೊನೆಗೆ ಕಂದು ಕಲೆ ಉಳಿಯುತ್ತೆ, ಅದಕ್ಕೆ ಹೆದರಿ ಮುಲಾಮು ಮುಂದುವರಿಸೋದು ಬೇಡ. ಸವರಿದಾಗ ನುಣ್ಣಗಿದ್ದು, ಉಗುರಲ್ಲಿ ಕೆರೆದರೆ ಹೊಟ್ಟು ಏಳದಿದ್ದರೆ ಅದು ಬರೀ ಕಲೆ. ತಿಂಗಳುಗಳಲ್ಲಿ ತಾನೇ ಮಾಸುತ್ತೆ.

ಮಾತ್ರೆ ಬೇಕಾಗೋದು ಮೈಮೇಲೆ ಹಲವು ಕಡೆ ಹರಡಿದ್ದರೆ, ಪದೇಪದೇ ಬರುತ್ತಿದ್ದರೆ, ಸ್ಟೀರಾಯ್ಡ್ ಟ್ಯೂಬ್ ಬಹಳ ದಿನ ಹಚ್ಚಿದ್ದರೆ, ಗಡ್ಡ, ತಲೆ, ಉಗುರಿಗೆ ಹತ್ತಿದ್ದರೆ. ಟರ್ಬಿನಾಫಿನ್ 250 ಮಿಲಿಗ್ರಾಂ ಹಿಂದೆ ಎರಡು ವಾರದಲ್ಲಿ ಕೆಲಸ ಮುಗಿಸುತ್ತಿತ್ತು. ಈಗ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುತ್ತಿರುವುದು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಪ್ರಭೇದ, 2020ರಲ್ಲಿ ಅದಕ್ಕೆ ಆ ಹೆಸರು ಬಂತು. ಟರ್ಬಿನಾಫಿನ್ ಹಿಡಿದು ನಿಲ್ಲಿಸುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ಬದಲಾಗಿದೆ. ಹಾಗಾಗಿ ಆ ಮಾತ್ರೆ ಎಷ್ಟೋ ಜನಕ್ಕೆ ತಾಗುತ್ತಿಲ್ಲ. ಇಟ್ರಾಕೊನಜೋಲ್ ದಿನಕ್ಕೆ 200 ಮಿಲಿಗ್ರಾಂ, ಅದನ್ನೇ 100ರಂತೆ ಎರಡು ಸಲ, ನಾಲ್ಕರಿಂದ ಎಂಟು ವಾರ ಕೊಡಬೇಕಾಗುತ್ತೆ. ಇದನ್ನು ಡಾಕ್ಟರೇ ಬರೆಯಬೇಕು. ಹೃದಯ ದುರ್ಬಲವಾಗಿ ಕಾಲು ಊದಿಕೊಳ್ಳುವವರಿಗೆ, ಬಸಿರಿಯರಿಗೆ ಕೊಡೋ ಹಾಗಿಲ್ಲ. ಯಕೃತ್ತಿನ ತೊಂದರೆ ಇದ್ದವರಿಗೆ, ದೀರ್ಘಕಾಲ ಕೊಡುವಾಗ, ರಕ್ತಪರೀಕ್ಷೆ ಮಾಡಿಸಬೇಕು. ವಾರಕ್ಕೊಂದು ಅಂತ ನುಂಗುತ್ತಿರೋದು ಫ್ಲುಕೊನಜೋಲ್ 150 ಇರಬೇಕು, ಇಂಥ ಹುಳುಕಡ್ಡಿಗೆ ಅದು ಸಾಲದು.

ಉತ್ತರ 2 | ಔಷಧಿ ಅಂಗಡಿ, ಮದ್ದೂರು

ಮೇಡಂ ಹೇಳಿದ್ದಕ್ಕೆ ಕೌಂಟರ್ ಕಡೆಯ ಮಾತು ಸೇರಿಸುತ್ತೇನೆ. ಟ್ಯೂಬಿನ ಮುಂದಿರೋ ದೊಡ್ಡ ಹೆಸರು ಬಿಡಿ, ಹಿಂದಿರೋ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಈ ನಾಲ್ಕರಲ್ಲಿ ಯಾವುದಿದ್ದರೂ ಹುಳುಕಡ್ಡಿಗೆ ಬೇಡ. ಒಂದೇ ಟ್ಯೂಬಲ್ಲಿ ಮೂರು ನಾಲ್ಕು ಔಷಧಿ ಬೆರೆತಿದ್ದರೆ ಅದರಲ್ಲೊಂದು ಸ್ಟೀರಾಯ್ಡ್ ಅಂತಲೇ ಅನುಮಾನ ಪಡಿ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ಕ್ಲೋಟ್ರಿಮಜೋಲ್ ಒಂದೇ ಇರುವ ಕ್ರೀಮ್ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೇಳಿ ನೋಡಲಿ.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೆಲಸ ಮಾಡಲಿಲ್ಲ ಅಂತ ಬರುವವರನ್ನು ನಾನು ಮೊದಲು ಕೇಳೋದು ಊಟದ ವಿಷಯ. ಅದು ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಹುಳಿ ಬೇಕು. ಹೊಟ್ಟೆತುಂಬ ಮುದ್ದೆಯೋ ಅನ್ನವೋ ಉಂಡ ತಕ್ಷಣ ನುಂಗಬೇಕು. ಬೆಳಗ್ಗೆ ಕಾಫಿ ಜೊತೆ, ಖಾಲಿ ಹೊಟ್ಟೆಗೆ ನುಂಗಿದರೆ ಅರೆಬರೆ ಹೀರಿಕೊಳ್ಳುತ್ತೆ. ಇನ್ನು "ಗ್ಯಾಸ್ ಮಾತ್ರೆ". ನಮ್ಮ ಕಡೆ ಪ್ಯಾಂಟೊಪ್ರಜೋಲ್ ನುಂಗದ ಮನೆ ಕಡಿಮೆ. ಅದು ಇಡೀ ದಿನ ಹುಳಿ ಇಳಿಸಿಟ್ಟಿರುತ್ತೆ, ಆದ್ದರಿಂದ ಎರಡು ಗಂಟೆ ಅಂತರ ಬಿಟ್ಟು ಕೊಟ್ಟರೂ ಪ್ರಯೋಜನ ಕಮ್ಮಿ. ಡಾಕ್ಟರಿಗೆ ಹೇಳಿ ಅದನ್ನು ನಿಲ್ಲಿಸಬಹುದೇ ಅಂತ ಕೇಳಬೇಕು. ಹುಳಿತೇಗಿಗೆ ಕುಡಿಯೋ ಗುಲಾಬಿ ಬಣ್ಣದ ಔಷಧಿಯಾದರೆ ಕ್ಯಾಪ್ಸೂಲ್ ನುಂಗಿ ಎರಡು ಗಂಟೆ ಆದ ಮೇಲೆ ಕುಡಿಯಲಿ. ಈಗ ಮೈಗೆ ಹೆಚ್ಚು ಹೀರಿಕೊಳ್ಳುವಂತೆ ತಯಾರಿಸಿದ, ಕಮ್ಮಿ ಮಿಲಿಗ್ರಾಮಿನ ಸೂಬಾ ಇಟ್ರಾಕೊನಜೋಲ್ ಅಂತಲೂ ಬರುತ್ತೆ, ಅದರ ಲೆಕ್ಕ ಬೇರೆ. ಒಂದಕ್ಕೆ ಬದಲು ಇನ್ನೊಂದು ಅಂತ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಾರದು.

ಕೊಲೆಸ್ಟ್ರಾಲಿಗೆ ಸಿಂವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ನುಂಗುವವರು, ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ಕಡ್ಡಾಯವಾಗಿ ಮೊದಲೇ ತಿಳಿಸಬೇಕು. ಬಿ.ಪಿ.ಗೆ ಅಮ್ಲೋಡಿಪಿನ್ ಇದ್ದರೆ ಕಾಲು ಊತ ಬರಬಹುದು, ಗಮನ ಇರಲಿ. ಹಳೇ ಚೀಟಿಗಳನ್ನೆಲ್ಲ ಒಂದು ಕವರಲ್ಲಿ ಹಾಕಿಕೊಂಡು ಹೋದರೆ ಸಾಕು, ಡಾಕ್ಟರ್ ನೋಡಿಕೊಳ್ಳುತ್ತಾರೆ.

ಉತ್ತರ 3 | ಸಮುದಾಯ ಆರೋಗ್ಯ ಅಧಿಕಾರಿ, ಶ್ರೀರಂಗಪಟ್ಟಣ ಕಡೆ

ಅಕ್ಕಾ, ಬಟ್ಟೆ ವಿಷಯ ನಾನು ಹೇಳ್ತೀನಿ, ಅಲ್ಲೇ ಹೆಚ್ಚು ಜನ ಸೋಲೋದು.

ಮೊದಲು ಉಡುದಾರ. ಅದು ಬೆವರು ಕುಡಿದು ಇಡೀ ದಿನ ಒದ್ದೆಯಾಗೇ ಇರುತ್ತೆ, ಸೊಂಟದ ಉಂಗುರಕ್ಕೆ ದಿನಾ ತಿಕ್ಕುತ್ತೆ, ಯಾರೂ ಬಿಚ್ಚಿ ಒಗೆಯಲ್ಲ. ವಾಸಿಯಾಗೋವರೆಗೂ ತೆಗೆದಿಡಿ ಅಂತ ಹೇಳಿ. ಹಿರಿಯರು ಒಪ್ಪದಿದ್ದರೆ ಹಳೇದನ್ನು ಸುಟ್ಟು, ಚಿಕಿತ್ಸೆ ಮುಗಿದ ಮೇಲೆ ಹೊಸದು ಕಟ್ಟಿಕೊಳ್ಳಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಂಗಸರ ಲಂಗದ ಲಾಡಿಯೂ ಹಾಗೇ. ಒಂದೇ ಗೆರೆ ಮೇಲೆ ಬಿಗಿಯಾಗಿ ಕಟ್ಟೋ ಬದಲು ಅಗಲ ಪಟ್ಟಿ ಹೊಲಿಸಿಕೊಂಡು ಸಡಿಲವಾಗಿ ಕಟ್ಟಲಿ, ಲಾಡಿಯನ್ನು ಲಂಗದ ಜೊತೆಯೇ ಒಗೆಯಲಿ.

ತಣ್ಣೀರಲ್ಲಿ ಸೋಪು ಹಾಕಿ ಕಲ್ಲಿಗೆ ಎಷ್ಟು ಒಗೆದರೂ ಶಿಲೀಂಧ್ರ ಪೂರ್ತಿ ಸಾಯಲ್ಲ, ಒಟ್ಟಿಗೆ ನೆನೆಹಾಕಿದ ಬೇರೆಯವರ ಬಟ್ಟೆಗೂ ಹತ್ತುತ್ತೆ. 60 ಡಿಗ್ರಿ ಬಿಸಿ ಬೇಕು. ಹಂಡೆಯಲ್ಲಿ ಕುದಿಯುತ್ತಿರೋ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಬೆರೆಸಿದರೆ ಹತ್ತಿರ ಹತ್ತಿರ 75 ಡಿಗ್ರಿ ಆಗುತ್ತೆ, ಬಟ್ಟೆ ಮುಳುಗಿಸಿದ ಮೇಲೆ 60ಕ್ಕೆ ಇಳಿಯುತ್ತೆ. ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಒಗೆಯಿರಿ. ಒಳಚಡ್ಡಿ, ಬನಿಯನ್, ಟವಲ್, ಹಾಸಿಗೆ ಹೊದಿಕೆ ಇವಿಷ್ಟಕ್ಕೆ ಮಾಡಿದರೂ ಸಾಕು. ರೋಗ ಇರೋರ ಬಟ್ಟೆ ಬೇರೆ ಬಕೆಟ್. ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಒಳಗಡೆ ಹಗ್ಗದ ಮೇಲೆ ಅರೆ ಒಣಗಿದ ಚಡ್ಡಿ ಹಾಕಿಕೊಳ್ಳೋದೇ ದೊಡ್ಡ ಕಾರಣ, ಅಂಥ ದಿನ ಇಸ್ತ್ರಿ ಮಾಡಲೇಬೇಕು. ಸೊಂಟಪಟ್ಟಿ, ಹೊಲಿಗೆ ಸಂದುಗಳ ಮೇಲೆ ಇಸ್ತ್ರಿ ನಿಧಾನವಾಗಿ ಓಡಿಸಿ.

ನಾಟಿಗೆ ಇಳಿಯೋರು ಒದ್ದೆ ಪಂಚೆ, ಒದ್ದೆ ಚಡ್ಡಿಯಲ್ಲೇ ಸಂಜೆವರೆಗೂ ಇರ್ತಾರೆ. ಗದ್ದೆ ಬದುವಿಗೆ ಒಂದು ಜೊತೆ ಒಣಬಟ್ಟೆ ತಗೊಂಡು ಹೋಗಿ, ಊಟದ ಹೊತ್ತಿಗೆ ಬದಲಿಸಿದರೂ ಎಷ್ಟೋ ವಾಸಿ. ಕಾಲ್ಬೆರಳ ಸಂದಿನ ಕೆಸರುಹುಣ್ಣು ಇದರ ಜೊತೆಯದೇ. ಚರ್ಮ ಬೆಳ್ಳಗೆ ನೆನೆದು ಬಿರಿದಿರುತ್ತೆ, ಅಲ್ಲಿ ಶಿಲೀಂಧ್ರದ ಜೊತೆ ಬ್ಯಾಕ್ಟೀರಿಯಾವೂ ಸೇರಿಕೊಳ್ಳುತ್ತೆ. ಕಾಲು ತೊಳೆದು ಒಂದೊಂದು ಬೆರಳ ನಡುವೆಯೂ ಬಟ್ಟೆಯಿಂದ ಒರೆಸಿ ಆಮೇಲೆ ಕ್ಲೋಟ್ರಿಮಜೋಲ್ ತೆಳ್ಳಗೆ ಹಚ್ಚಲಿ. ಸಕ್ಕರೆ ಕಾಯಿಲೆಯವರಿಗೆ ಆ ಬಿರುಕಿನಿಂದ ಕಾಲು ಕೆಂಪಾಗಿ ಊದಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಕಳಿಸಿ.

ಮನೆ ಮದ್ದಿನ ಬಗ್ಗೆ ಒಂದು ಮಾತು. ಬೆಳ್ಳುಳ್ಳಿ ಅರೆದು ಕಟ್ಟೋದು, ಸುಣ್ಣ, ಸೀಮೆಎಣ್ಣೆ ಇವು ಚರ್ಮ ಸುಡುತ್ತವೆ, ತೊಡೆಸಂದಿನಲ್ಲಂತೂ ಹುಣ್ಣೇ ಆಗುತ್ತೆ. ತೆಂಗಿನ ನಾರು ಹಾಕಿ ಉಜ್ಜೋದು, ನಂಜುನಾಶಕ ದ್ರಾವಣವನ್ನು ನೀರು ಬೆರೆಸದೆ ಹಚ್ಚೋದು ಎರಡೂ ಬೇಡ. ಚರ್ಮದ ತಡೆಗೋಡೆ ಒಡೆದಷ್ಟೂ ಹುಳುಕಡ್ಡಿಗೆ ಅನುಕೂಲ.

ಉತ್ತರ 4 | ಲ್ಯಾಬ್ ಟೆಕ್ನಿಷಿಯನ್, ಮೈಸೂರು

ಕಲೆ ಹುಳುಕಡ್ಡಿಯೋ ಅಲ್ಲವೋ ಅನ್ನೋ ಅನುಮಾನ ಇದ್ದರೆ ಕೆ.ಒ.ಎಚ್. ಪರೀಕ್ಷೆ ಕೇಳಿ, ಅಂದರೆ ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ಶಿಲೀಂಧ್ರ ಹುಡುಕುವ ಪರೀಕ್ಷೆ. ಖರ್ಚು ಕಡಿಮೆ, ಅವತ್ತೇ ಫಲಿತಾಂಶ ಬರುತ್ತೆ. ಆದರೆ ರೋಗಿ ಅದಕ್ಕೆ ತಯಾರಾಗಿ ಬರಬೇಕು. ಬೆಳಗ್ಗೆ ಮುಲಾಮು ಮೆತ್ತಿಕೊಂಡು ಬಂದರೆ ಗಾಜಿನ ಮೇಲೆ ಜಿಡ್ಡಿನ ಗುಳ್ಳೆಗಳೇ ಕಾಣೋದು. ಒಂದು ವಾರದಿಂದ ಏನೂ ಹಚ್ಚದೆ ಬಂದರೆ ಒಳ್ಳೇದು. ಪೌಡರೂ ಬೇಡ.

ಮಾದರಿ ತೆಗೆಯೋದು ಹೀಗೆ: ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟು, ಮೊಂಡು ಬ್ಲೇಡಿನಿಂದ ಉಬ್ಬಿದ ಅಂಚಿನ ಹೊಟ್ಟನ್ನು ಕೆರೆದು ತೆಗೆಯುತ್ತೇವೆ. ನಡುವಿನ ತಿಳಿಯಾದ ಚರ್ಮ ಕೆರೆದರೆ ಇದ್ದರೂ ಸಿಗಲ್ಲ. ಹೊಟ್ಟಿನ ಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ, ಮೇಲೆ ಕವರ್‌ಸ್ಲಿಪ್, ಚರ್ಮದ ಕೋಶ ಕರಗಲು ಹತ್ತಿಪ್ಪತ್ತು ನಿಮಿಷ. ಉಗುರಿಗೆ ದ್ರಾವಣ ಗಾಢ ಬೇಕು, ಹೊತ್ತೂ ಹೆಚ್ಚು. ಮೈಕ್ರೋಸ್ಕೋಪಿನ ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸಿ, 10ರ ಲೆನ್ಸಿನಲ್ಲಿ ಹುಡುಕಿ 40ರ ಲೆನ್ಸಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಕೋಶಗಳ ಗೋಡೆ ದಾಟಿ ಹೋಗುವ, ಅಡ್ಡಗೆರೆ ಇರುವ, ಕವಲೊಡೆದ ಎಳೆ ಕಂಡರೆ ಅದೇ. ಕೋಶದ ಅಂಚನ್ನೇ ಅನುಸರಿಸಿ ಓಡುವ ಎಳೆ ಶಿಲೀಂಧ್ರ ಅಲ್ಲ, ಹೊಸಬರು ಅಲ್ಲೇ ಎಡವೋದು. ಬಟ್ಟೆಯ ನೂಲಿನ ಎಳೆಯೂ ಮೋಸ ಮಾಡುತ್ತೆ.

ಗಿಡ್ಡ ಎಳೆಗಳ ಜೊತೆ ದುಂಡು ಬೀಜಾಣುಗಳ ಗೊಂಚಲು ಕಂಡರೆ ಅದು ಹುಳುಕಡ್ಡಿ ಅಲ್ಲ, ಸಿಬ್ಬು. ಬೆನ್ನು, ಎದೆ, ಕತ್ತಿನ ಮೇಲೆ ಪುಡಿ ಉದುರುವ ತಿಳಿ ಮಚ್ಚೆ. ಕಾರಣ ಮಲಸ್ಸೀಜಿಯ ಅನ್ನೋ ಯೀಸ್ಟು, ಅದು ಎಲ್ಲರ ಚರ್ಮದಲ್ಲೂ ಇರುತ್ತೆ, ಬೆವರು ಜಿಡ್ಡು ಹೆಚ್ಚಾದಾಗ ಕೆರಳುತ್ತೆ. ಟರ್ಬಿನಾಫಿನ್ ಮಾತ್ರೆ ಅದಕ್ಕೆ ಕೆಲಸ ಮಾಡಲ್ಲ.

ವರದಿ ನೆಗೆಟಿವ್ ಬಂದರೆ ಶಿಲೀಂಧ್ರ ಇಲ್ಲ ಅಂತಲ್ಲ. ನೋಡಲು ಹುಳುಕಡ್ಡಿಯಂತೇ ಇದ್ದರೆ ಇನ್ನೊಮ್ಮೆ ಕೆರೆಸಬೇಕು.

ಉತ್ತರ 5 | ಪಶುವೈದ್ಯ ಪರೀಕ್ಷಕ, ಪಾಂಡವಪುರ

ಹಸು ಸಾಕಿದ ಮನೆಯಾದರೆ ಕೊಟ್ಟಿಗೆಗೂ ಒಂದು ಕಣ್ಣು ಹಾಯಿಸಿ. ಕರುವಿನ ಕಣ್ಣಿನ ಸುತ್ತ, ಕಿವಿ, ಕತ್ತಿನ ಮೇಲೆ ಬೂದಿ ಮೆತ್ತಿದಂಥ ದಪ್ಪ ಹಕ್ಕಳೆ, ಕೂದಲು ಉದುರಿದ ದುಂಡು ಜಾಗ ಇದ್ದರೆ ಅದೂ ಹುಳುಕಡ್ಡಿ. ಆ ಪ್ರಭೇದ ಬೇರೆ, ಟ್ರೈಕೊಫೈಟಾನ್ ವೆರುಕೋಸಮ್. ಹಾಲು ಕರೆಯುವವರ ಮುಂಗೈ, ಕರು ಅಪ್ಪಿ ಆಡುವ ಮಕ್ಕಳ ಮುಖಕ್ಕೆ ಹತ್ತುತ್ತೆ, ಹತ್ತಿದರೆ ಕೀವುಗಟ್ಟುವಷ್ಟು ಜೋರಾಗುತ್ತೆ. ಆ ಕರುವನ್ನು ಬೇರೆ ಕಟ್ಟಿ, ಅದರ ಹಗ್ಗ, ಉಜ್ಜುವ ಬ್ರಷ್ ಬೇರೆ ದನಕ್ಕೆ ಬಳಸಬೇಡಿ, ಹಕ್ಕಳೆ ಬರಿಗೈಯಲ್ಲಿ ಕೀಳಬೇಡಿ. ಬೆಕ್ಕಿನ ಮರಿಗಳಿಂದಲೂ ಮಕ್ಕಳ ತಲೆಗೆ ಬರುವುದುಂಟು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅಂಚಿನ ಆಚೆ ಹಚ್ಚೋದು, ಗ್ಯಾಸ್ ಮಾತ್ರೆ, ಈ ಎರಡೂ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಇನ್ನು ಮೂರು ಸಂಗತಿ. ಐದು ತಿಂಗಳ ಬಸಿರಿ ಒಬ್ಬರಿಗೆ ಹೊಟ್ಟೆ ಕೆಳಗೆ ಇದೆ. ಒಂದನೇ ಕ್ಲಾಸಿನ ಹುಡುಗನ ತಲೆಯಲ್ಲಿ ಕೂದಲು ಉದುರಿ ಮೆತ್ತಗೆ ಊದಿದೆ, ಮನೆಯವರು ಬೋಳಿಸಿ ಮುಲಾಮು ಹಚ್ಚುತ್ತಿದ್ದಾರೆ. ಆಮೇಲೆ ಕುಷ್ಠದ ಸರ್ವೆಗೆ ಹೋದಾಗ ಯಾವ ಮಚ್ಚೆ ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಗೊಂದಲ ಆಗುತ್ತೆ.

ಉತ್ತರ 6 | ಚರ್ಮವೈದ್ಯೆ, ಮೈಸೂರು

ಬಸಿರಿಗೆ ಕ್ಲೋಟ್ರಿಮಜೋಲ್ ಕ್ರೀಮ್ ದಿನಕ್ಕೆ ಎರಡು ಸಲ, ಮೇಲೆ ಹೇಳಿದ ಅಳತೆಯಲ್ಲೇ. ಮಾತ್ರೆ ಯಾವುದೂ ಬೇಡ, ಹೆರಿಗೆ ಆಗುವವರೆಗೂ ಮುಲಾಮಿನಲ್ಲೇ ಹತೋಟಿಯಲ್ಲಿಟ್ಟರೆ ಸಾಕು. ಅವರ ಗಂಡನಿಗೆ, ಅತ್ತೆಗೆ ಇದ್ದರೆ ಅವರಿಗೂ ಅದೇ ವಾರ ಚಿಕಿತ್ಸೆ ಶುರುವಾಗಬೇಕು. ಇಲ್ಲದಿದ್ದರೆ ಆಯಮ್ಮನಿಗೆ ಹೋಗಿದ್ದು ಅವರಿಂದ ವಾಪಸ್ ಬರುತ್ತೆ.

ಹುಡುಗನನ್ನು ಈ ವಾರವೇ ಕಳಿಸಿ, ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಆದರೂ ಸರಿ, ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗ ಆದರೂ ಸರಿ. ತಲೆಯಲ್ಲಿ ಶಿಲೀಂಧ್ರ ಕೂದಲಿನ ಬುಡಕ್ಕೆ ಇಳಿದಿರುತ್ತೆ, ಮುಲಾಮು ಅಲ್ಲಿಗೆ ಮುಟ್ಟಲ್ಲ. ಬಾಯಿಯಿಂದಲೇ ಔಷಧಿ ಹೋಗಬೇಕು. ತೂಕ ನೋಡಿ ಗ್ರಿಸಿಯೋಫುಲ್ವಿನ್ ಅಥವಾ ಟರ್ಬಿನಾಫಿನ್ ಬರೆಯುತ್ತಾರೆ. ಗ್ರಿಸಿಯೋಫುಲ್ವಿನ್ ಆದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ತುಪ್ಪ ಹಾಕಿದ ಅನ್ನದ ಮೇಲೆ ಇಲ್ಲವೇ ಕೆನೆ ಇರೋ ಹಾಲಿನ ಜೊತೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತೆ. ಮೆತ್ತಗೆ ಊದಿದೆ ಅಂದಿರಲ್ಲ, ಅದು ಕೆರಿಯಾನ್, ಅಂದರೆ ಶಿಲೀಂಧ್ರದಿಂದಲೇ ಕೀವುಗಡ್ಡೆಯಂತೆ ಏಳುವ ಊತ ಇರಬಹುದು. ಕೀವು ಅಂತ ಕೊಯ್ಯಿಸಬಾರದು, ಕೊಯ್ದ ಕಡೆ ಕೂದಲು ಮತ್ತೆ ಹುಟ್ಟದೇ ಹೋಗಬಹುದು. ಬೋಳಿಸುವುದರಿಂದ ಉಪಯೋಗವಿಲ್ಲ, ಆ ಕತ್ತಿಯಿಂದ ಬೇರೆ ಮಕ್ಕಳಿಗೆ ಹತ್ತುತ್ತೆ. ಬಾಚಣಿಗೆ, ಟೋಪಿ, ದಿಂಬು ಬೇರೆ ಇರಲಿ. ಔಷಧಿ ಶುರುವಾದ ಮೇಲೆ ಸ್ಕೂಲು ಬಿಡಿಸುವ ಅಗತ್ಯ ಇಲ್ಲ.

ಕುಷ್ಠದ ಮಚ್ಚೆ ಸಾಮಾನ್ಯವಾಗಿ ನವೆ ಬರಲ್ಲ. ಹುಳುಕಡ್ಡಿ ನವೆಯಿಲ್ಲದೆ ಇರೋದು ಅಪರೂಪ. ಮಚ್ಚೆ ತಿಳಿಯಾಗಿ ಅಥವಾ ತಾಮ್ರದ ಬಣ್ಣದಲ್ಲಿದ್ದು, ಅಲ್ಲಿ ಬೆವರು ಬಾರದೆ ಒಣಗಿ, ರೋಮ ಕಡಿಮೆ ಇದ್ದರೆ ಅನುಮಾನ ಪಡಿ. ಹತ್ತಿಯನ್ನು ಹೊಸೆದು ಸಣ್ಣ ಬತ್ತಿ ಮಾಡಿಕೊಳ್ಳಿ. ಮೊದಲು ಕಣ್ಣು ತೆರೆದಿರುವಾಗ ಒಳ್ಳೇ ಚರ್ಮಕ್ಕೆ ಮುಟ್ಟಿಸಿ ಹೇಗನ್ನಿಸುತ್ತೆ ಅಂತ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಒಳ್ಳೇ ಚರ್ಮ, ಮಚ್ಚೆ ಅಂತ ಕ್ರಮ ತಪ್ಪಿಸಿ ಮುಟ್ಟಿಸುತ್ತಾ ಹೋಗಿ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲಿ. ಸವರಬಾರದು, ಸುಮ್ಮನೆ ತಾಗಿಸಿ ತೆಗೆಯಬೇಕು. ಮಚ್ಚೆಯ ಮೇಲೆ ತಾಗಿಸಿದ್ದು ಮಾತ್ರ ಗೊತ್ತಾಗದಿದ್ದರೆ ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಬಹುಔಷಧಿ ಚಿಕಿತ್ಸೆ ಅಲ್ಲಿ ಪೂರ್ತಿ ಉಚಿತ. ಮುಖದ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಸರಿಯಾಗೇ ಇದ್ದರೂ ಕುಷ್ಠ ಇರಬಹುದು. ಅಲ್ಲಿ ಅನುಮಾನ ಬಂದರೆ ಪರೀಕ್ಷೆ ಸರಿ ಬಂತು ಅಂತ ಬಿಡದೆ ಕಳಿಸಿಬಿಡಿ.